ನದಿ ದಾರಿಯ ಗೇಟು

ಟ್ರೌಟ್ ಮೀನು ಹಿಡಿಯುವುದನ್ನು ನನಗೆ ಕಲಿಸಿದವರು ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮನ್. ಕಾರ್ಕ್ ಎಂಬ ಐರಿಷ್ ಊರಿನ ಉತ್ತರ ಭಾಗದ ಏರುಬೀದಿಯೊಂದರಲ್ಲಿ ನಾವು ಮನೆ ಮಾಡಿದಾಗ ಅವರಿಗೆ ಎಪ್ಪತ್ತೊಂದು ವರ್ಷ. ಅವರ ಹೆಂಡತಿ ಒಂದೆರಡು ವರ್ಷ ಚಿಕ್ಕವರು. ನಮ್ಮ ಹಿತ್ತಲಿಗೂ ಅವರ ಹಿತ್ತಲಿಗೂ ನಡುವೆ ಸೊಂಟದೆತ್ತರದ ಒಂದು ಗೋಡೆ. ನಾವು ಸಾಮಾನು ಇಳಿಸಿದ ಮರುದಿನವೇ ಆ ಗೋಡೆಯ ಮೇಲೆ ಚೌಕುಳಿ ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡೊಂದು ಬಂದು ಕೂತಿತ್ತು. ನಾನು ಅದೇ ಬಟ್ಟೆಯಲ್ಲಿ ಚಿತ್ರಾನ್ನದ ಡಬ್ಬಿ ಕಟ್ಟಿ ವಾಪಸು ಇಟ್ಟೆ. ಸ್ನೇಹ ಹಾಗೆ ಶುರುವಾಯಿತು. ಅವರಿಬ್ಬರದೂ ಕಾರ್ಕ್‌ನ ರಾಗದ ಇಂಗ್ಲಿಷು. ಆದರೆ ನೆನಪಿನಲ್ಲಿ ಅದೇಕೋ ನನಗೆ ಕನ್ನಡದಲ್ಲೇ ಕೇಳಿಸುತ್ತದೆ, ಆದ್ದರಿಂದ ಹಾಗೇ ಬರೆಯುತ್ತೇನೆ.

ನಾನು ಕೆಲಸ ಮಾಡುವುದು ಔಷಧಿ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ. ಯಾರ ಕೈಯಲ್ಲಾದರೂ ತಪ್ಪಾದರೆ ಅದನ್ನು ಅದೇ ದಿನ, ಅದೇ ಪಾಳಿಯಲ್ಲಿ, ತಾನೇ ಬರೆದು ಸಹಿ ಹಾಕಬೇಕು ಎನ್ನುವುದು ಅಲ್ಲಿನ ಮೊದಲ ಪಾಠ. ಹೊಸಬರಿಗೆ ಆ ಪಾಠ ಹೇಳಿಕೊಡುವವಳು ನಾನೇ. ಇದನ್ನು ಮೊದಲೇ ಹೇಳುವುದು ಯಾಕೆಂದರೆ, ಮುಂದೆ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಯಾರೂ ಅಂದುಕೊಳ್ಳಬಾರದು.

ನಾವು ಬಂದ ಎರಡನೆಯ ವರ್ಷದ ಬೇಸಿಗೆಯ ಒಂದು ಸಂಜೆ ಅವರು ಹಿತ್ತಲಿನ ಹುಲ್ಲಿನ ಮೇಲೆ ನಿಂತು ಉದ್ದದ ತೆಳು ಕೋಲೊಂದನ್ನು ಬೀಸುತ್ತಿದ್ದರು. ಕೋಲಿನ ತುದಿಯಿಂದ ಹಳದಿ ದಾರ ಹಿಂದಕ್ಕೆ ಚಾಚಿ, ಒಂದು ಕ್ಷಣ ಗಾಳಿಯಲ್ಲೇ ನಿಂತು, ಮತ್ತೆ ಮುಂದಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಗಾಳದ ಬದಲು ತುದಿಯಲ್ಲಿ ಕೆಂಪು ಉಣ್ಣೆಯ ಚೂರು ಕಟ್ಟಿದ್ದರು. ಅದು ಪ್ರತಿ ಸಲವೂ ಹುಲ್ಲಿನ ಮೇಲಿಟ್ಟ ಒಂದು ತಟ್ಟೆಯೊಳಗೇ ಇಳಿಯುತ್ತಿತ್ತು. ನಾನು ಒಣಗಿದ ಬಟ್ಟೆ ತೆಗೆಯುವುದನ್ನು ಬಿಟ್ಟು ನೋಡುತ್ತ ನಿಂತೆ.

“ಹಿಡಿದು ನೋಡ್ತೀಯಾ?” ಎಂದರು.

ಗೋಡೆ ದಾಟಿ ಹೋದೆ. ನಾನು ಹೊಸಪೇಟೆಯವಳು. ಚಿಕ್ಕವಳಿದ್ದಾಗ ಕಾಲುವೆಯಲ್ಲಿ ಅಣ್ಣಂದಿರ ಜೊತೆ ಬಿದಿರುಕೋಲಿಗೆ ಗೋಧಿಹಿಟ್ಟು ಸಿಕ್ಕಿಸಿಕೊಂಡು ಕೂತವಳು. ಇದು ಅದಲ್ಲ. ಇಲ್ಲಿ ಹುಳುವಿಲ್ಲ, ಹಿಟ್ಟಿಲ್ಲ. ಮೊಲದ ಕೂದಲು, ಕೌಜುಗದ ಗರಿ, ರೇಷ್ಮೆ ದಾರ ಸೇರಿಸಿ ಪುಟ್ಟ ಗಾಳಕ್ಕೆ ನೊಣದ ವೇಷ ಕಟ್ಟಬೇಕು. ಅದಕ್ಕೆ ತೂಕವೇ ಇಲ್ಲದ್ದರಿಂದ ಎಸೆಯಲು ಬರುವುದಿಲ್ಲ. ತೂಕವಿರುವುದು ದಾರಕ್ಕೆ, ಎಸೆಯಬೇಕಾದದ್ದೂ ದಾರವನ್ನೇ. ನೊಣ ಅದರ ಹಿಂದೆ ಹೋಗಿ ನಿಜವಾದ ನೊಣದಂತೆ ನೀರಿನ ಮೇಲೆ ಇಳಿಯಬೇಕು. ಅವತ್ತು ನನ್ನ ದಾರ ನನ್ನ ಕಿವಿಗೇ ಸುತ್ತಿಕೊಂಡಿತು. ಅವರ ಹೆಂಡತಿ ಅಡುಗೆಮನೆಯ ಕಿಟಕಿಯಿಂದ ನೋಡಿ ನಕ್ಕರು.

“ಗ್ರ್ಯಾಂಡ್,” ಎಂದರು ಪೋಸ್ಟ್‌ಮನ್. ಪರವಾಗಿಲ್ಲ ಎನ್ನುವುದಕ್ಕೆ ಅಲ್ಲಿಯವರ ಮಾತು ಅದು. “ಮೊದಲನೇ ದಿನ ನಾನು ನನ್ನ ಟೋಪಿ ಹಿಡಿದಿದ್ದೆ.”

ಒಂದೂವರೆ ಗಂಟೆಯ ದಾರಿಯಲ್ಲಿ, ಪಕ್ಕದ ಜಿಲ್ಲೆ ಕೆರಿಯ ಗಡಿಯ ಬೆಟ್ಟಗಳಲ್ಲಿ ಅವರ ನದಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆ ಬೆಟ್ಟದ ಮನೆಗಳಿಗೆ ಕಾಗದ ಹಂಚುತ್ತಿದ್ದವರು. ಅಲ್ಲಿನ ಒಬ್ಬ ಕುರಿ ಸಾಕುವ ರೈತ ತನ್ನ ಹೊಲ ದಾಟಿ ನದಿಗೆ ಹೋಗಲು ಅವರಿಗೆ ಬಿಟ್ಟಿದ್ದ. ಆ ರೈತ ಹೋಗಿ ಈಗ ಅವನ ಮಗನ ಕಾಲ. ಮಗನೂ ಬಿಟ್ಟಿದ್ದ. ಕಾಗದ ಪತ್ರ ಏನಿಲ್ಲ, ಬರೀ ಬಾಯಿಮಾತು. ನನ್ನನ್ನು ಮೊದಲ ಸಲ ಕರೆದುಕೊಂಡು ಹೋದಾಗ ರೈತನ ಮನೆ ಮುಂದೆ ಕಾರು ನಿಲ್ಲಿಸಿ ಪರಿಚಯ ಮಾಡಿಸಿದರು. ಐವತ್ತು ದಾಟಿದ, ಹೆಚ್ಚು ಮಾತಿಲ್ಲದ ಮನುಷ್ಯ. ನನ್ನ ಕೈ ಕುಲುಕಿ, “ಇವರ ಜೊತೆ ಬಂದರೆ ಯಾವಾಗ ಬೇಕಾದರೂ ಬಾ,” ಎಂದ.

ಕಾರಿಗೆ ಮರಳಿದಾಗ ಪೋಸ್ಟ್‌ಮನ್ ಅದನ್ನೇ ಬಿಡಿಸಿ ಹೇಳಿದರು. “ಇವರ ಜೊತೆ ಅಂದ್ರೆ ನನ್ನ ಜೊತೆ. ನೀನೊಬ್ಬಳೇ ಬರೋ ಹಾಗಿಲ್ಲ. ಗೊತ್ತಾಯ್ತಾ?”

“ಗೊತ್ತಾಯ್ತು,” ಎಂದೆ.

ನದಿಗೆ ಇಳಿಯುವ ದಾರಿಗೆ ಒಂದು ಕಬ್ಬಿಣದ ಗೇಟು. ಅದರ ಕೀಲು ಜಗ್ಗಿತ್ತು. ಸುಮ್ಮನೆ ತಳ್ಳಿದರೆ ಮುಚ್ಚಿದಂತೆ ಕಾಣುತ್ತದೆ, ಗಾಳಿ ಬೀಸಿದರೆ ಮತ್ತೆ ತೆರೆದುಕೊಳ್ಳುತ್ತದೆ. ಎರಡೂ ಕೈಯಿಂದ ಎತ್ತಿ, ಕಂಬಕ್ಕೆ ಒತ್ತಿ ಹಿಡಿದು, ಸರಪಳಿಯನ್ನು ಮೊಳೆಗೆ ಸಿಕ್ಕಿಸಬೇಕು. ನನ್ನ ಕೈಯಲ್ಲಿ ಮೂರು ಸಲ ಮಾಡಿಸಿದರು. “ಮೂವತ್ತೆಂಟು ವರ್ಷ ನಾನು ಮಾಡಿದ ಕೆಲಸ ಇದೇ. ಗೇಟು ತೆಗೆಯೋದು, ಗೇಟು ಹಾಕೋದು. ಮಧ್ಯೆ ಕಾಗದ ಕೊಡ್ತಿದ್ದೆ ಅಷ್ಟೆ.” ಆ ಮೂವತ್ತೆಂಟು ವರ್ಷದಲ್ಲಿ ಒಂದು ಗೇಟನ್ನೂ ತೆರೆದು ಬಿಟ್ಟು ಬಂದವರಲ್ಲ ಎಂದು ಅವರ ಹೆಂಡತಿ ಹೆಮ್ಮೆಯಿಂದ ಹೇಳುತ್ತಿದ್ದರು.

ಎರಡು ವರ್ಷ ಅವರ ಜೊತೆ ಹೋದೆ. ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ, ತಿಂಗಳಿಗೆ ಎರಡು ಶನಿವಾರ. ಎದೆಯವರೆಗೆ ಬರುವ ರಬ್ಬರ್ ಪ್ಯಾಂಟು ತೊಟ್ಟು ಚಳಿನೀರಿನಲ್ಲಿ ನಿಂತರೆ ಕಾಲಿಗೆ ನದಿಯ ಒತ್ತು ತಿಳಿಯುತ್ತದೆ, ಚಳಿ ಮಾತ್ರ ನಿಧಾನವಾಗಿ ಬರುತ್ತದೆ. ಬೆಟ್ಟದ ಟ್ರೌಟ್ ದೊಡ್ಡದಲ್ಲ. ಅಂಗೈ ಉದ್ದ, ಅಪರೂಪಕ್ಕೆ ಒಂದು ಗೇಣು. ನೀರಿನಂತೆಯೇ ಕಂದು ಬಣ್ಣ, ಪಕ್ಕೆಗಳಲ್ಲಿ ಕುಂಕುಮದ ಚುಕ್ಕೆ. ಹಿಡಿದದ್ದನ್ನೆಲ್ಲ ಅವರು ಬಿಟ್ಟುಬಿಡುತ್ತಿದ್ದರು. ಮೊದಲು ಕೈ ಒದ್ದೆ ಮಾಡಿಕೊಳ್ಳಬೇಕು, ಒಣಗಿದ ಕೈ ತಾಗಿದರೆ ಮೀನಿನ ಮೈಯ ಲೋಳೆ ಹೋಗುತ್ತದೆ. ಗಾಳ ಬಿಡಿಸಿ, ಮೀನಿನ ಮೂತಿಯನ್ನು ಹರಿವಿಗೆ ಎದುರಾಗಿ ಹಿಡಿದು, ಅದು ತಾನಾಗಿ ಹೋಗುವವರೆಗೂ ಕಾಯಬೇಕು.

ಅವರು ಸದಾ ನನ್ನ ಹಿಂದೆ ನಿಂತಿರುತ್ತಿದ್ದರು. ಮಣಿಕಟ್ಟು ಬಗ್ಗಿಸಬೇಡ. ಅವಸರ ಬೇಡ. ನಿನ್ನ ನೆರಳು ಎಲ್ಲಿ ಬೀಳ್ತಿದೆ ನೋಡು. ಹೇಳುತ್ತಿದ್ದುದೆಲ್ಲ ಸರಿಯೇ. ಆದರೆ ಮೇಲ್ಗಡೆ, ಕವಲೊಡೆದ ಮರದ ಕೆಳಗೆ, ಒಂದು ಆಳದ ಮಡು ಇತ್ತು. ಅಲ್ಲಿಗೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. “ಇನ್ನೂ ಬೇಡ. ಒಂದು ತಪ್ಪು ಎಸೆದರೆ ಇಡೀ ದಿನಕ್ಕೆ ಮೀನು ಹೆದರಿಬಿಡುತ್ತೆ.” ಮೊದಲ ವರ್ಷ ಸರಿ. ಎರಡನೆಯ ವರ್ಷದ ಕೊನೆಯಲ್ಲೂ ಅದೇ ಮಾತು ಕೇಳಿದಾಗ ನನಗೆ ಚುಚ್ಚಿತು. ಕಾರ್ಖಾನೆಯಲ್ಲಿ ಇಪ್ಪತ್ತು ಜನ ನನ್ನ ಸಹಿಗೆ ಕಾಯುತ್ತಾರೆ, ಇಲ್ಲಿ ನಾನಿನ್ನೂ ನೆರಳು ನೋಡಿಕೊಳ್ಳುವ ತರಗತಿಯಲ್ಲಿದ್ದೇನೆ ಎನಿಸಿತು. ಆ ಚಳಿಗಾಲದಲ್ಲಿ ಅವರ ಅಡುಗೆಮನೆಯ ಮೇಜಿನ ಮೇಲೆ ಕೂತು ನೊಣ ಕಟ್ಟುವುದನ್ನು ಕಲಿತೆ. ಹದಿನೈದು ಹಾಳು ಮಾಡಿದ ಮೇಲೆ ಒಂದನ್ನು ಅವರು ದೀಪದ ಕೆಳಗೆ ಹಿಡಿದು, “ಇದನ್ನು ನಾನೇ ಆದರೂ ತಿಂತೀನಿ,” ಎಂದರು.

ನಾನು ನದಿಗೆ ಹೋಗತೊಡಗಿದ ಮೂರನೆಯ ವರ್ಷದ ಮೇ ತಿಂಗಳು. ಬಾಕಿ ಉಳಿದಿದ್ದ ರಜೆಗಳಲ್ಲಿ ಒಂದನ್ನು ಬುಧವಾರಕ್ಕೆ ಹಾಕಿಕೊಂಡಿದ್ದೆ. ಗಂಡ ಹಾಲಿಹಿಲ್‌ನ ಆಫೀಸಿಗೆ ಹೋಗಿದ್ದ, ಮಗಳು ಶಾಲೆಗೆ. ಹನ್ನೊಂದು ಗಂಟೆಯ ಹೊತ್ತಿಗೆ ಪೋಸ್ಟ್‌ಮನ್ ನದಿಯಿಂದ ವಾಪಸು ಬಂದರು, ಬೆಳಗಿನ ಐದಕ್ಕೇ ಹೋಗಿದ್ದರಂತೆ. ಗೋಡೆಯ ಆಚೆಯಿಂದ, “ಮೇಲಿನ ಮಡುವಿನಲ್ಲಿ ಒಂದು ಎದ್ದಿತ್ತು. ಮೂರು ಸಲ ಬಾಯಿ ತೆಗೆದು ನೊಣ ತಿಂತು, ನಂದು ಮಾತ್ರ ಮುಟ್ಟಲಿಲ್ಲ,” ಎಂದು ಹೇಳಿ ನಗುತ್ತ ಮಲಗಲು ಒಳಗೆ ಹೋದರು.

ಕಾಲು ಗಂಟೆಯಲ್ಲಿ ನಾನು ಕಾರಿನಲ್ಲಿದ್ದೆ.

ಯಾರಿಗೂ ಹೇಳಲಿಲ್ಲ. ದಾರಿಯುದ್ದಕ್ಕೂ ಒಂದು ಗಂಟೆ ಇದ್ದು ಬಂದುಬಿಡುತ್ತೇನೆ, ಯಾರಿಗೇನು ನಷ್ಟ ಎಂದುಕೊಳ್ಳುತ್ತಿದ್ದೆ. ನಷ್ಟವಿಲ್ಲ ಎಂದು ನಿಜವಾಗಿ ನಂಬಿದ್ದರೆ ಕಾರನ್ನು ಯಾವಾಗಿನ ಜಾಗದಲ್ಲಿ ನಿಲ್ಲಿಸುತ್ತಿದ್ದೆ. ನಾನು ನಿಲ್ಲಿಸಿದ್ದು ಅರ್ಧ ಮೈಲಿ ಆಚೆ, ಸೇತುವೆಯ ಪಕ್ಕದಲ್ಲಿ, ರೈತನ ಮನೆಗೆ ಕಾಣದ ಕಡೆ.

ಗೇಟು ಮುಚ್ಚಿತ್ತು, ಸರಪಳಿ ಮೊಳೆಯ ಮೇಲಿತ್ತು. ಇದು ನನಗೆ ಚೆನ್ನಾಗಿ ನೆನಪಿದೆ. ಬೆಳಿಗ್ಗೆ ಅವರು ಹಾಕಿ ಹೋಗಿದ್ದ ಸರಪಳಿಯನ್ನು ನಾನೇ ನನ್ನ ಕೈಯಾರೆ ಬಿಚ್ಚಿದೆ.

ಮಡುವಿನಲ್ಲಿ ಮೀನು ಇನ್ನೂ ಏಳುತ್ತಿತ್ತು. ಮೊಣಕಾಲೂರಿ, ನಾನೇ ಕಟ್ಟಿದ ನೊಣವನ್ನು ಮರದ ನೆರಳಿನ ಅಂಚಿಗೆ ಹಾಕಿದೆ. ಎರಡು ಸಲ ಸುಮ್ಮನೆ ಹರಿದು ಬಂತು. ಮೂರನೆಯ ಸಲ ನೀರು ಉಬ್ಬಿತು. ಒಂದು ಗೇಣಿಗಿಂತ ಹೆಚ್ಚೇ ಇದ್ದ ಟ್ರೌಟ್. ಹಿಂದೆ ಯಾರೂ ಇರಲಿಲ್ಲ, ಯಾರೂ ಏನೂ ಹೇಳುತ್ತಿರಲಿಲ್ಲ. ಕೈ ಒದ್ದೆ ಮಾಡಿಕೊಂಡು ಅದನ್ನು ಹಿಡಿದು, ಬಿಟ್ಟು, ಕಲ್ಲಿನ ಮೇಲೆ ಕೂತು ಒಬ್ಬಳೇ ನಕ್ಕೆ. ಆ ಸಂತೋಷ ನಿಜವಾಗಿತ್ತು. ಅದನ್ನು ಸುಳ್ಳು ಮಾಡಲು ನನಗೆ ಇವತ್ತಿಗೂ ಆಗಿಲ್ಲ.

ಮೇಲೆ ಗೇಟಿನ ಹತ್ತಿರ ಬಂದಾಗ ಫೋನಿಗೆ ಸಿಗ್ನಲ್ ಸಿಕ್ಕಿತು. ಶಾಲೆಯಿಂದ ಮೂರು ಕರೆ. ಮಗಳು ವಾಂತಿ ಮಾಡಿಕೊಂಡಿದ್ದಾಳೆ, ಬಂದು ಕರೆದುಕೊಂಡು ಹೋಗಿ ಎಂದು ಮೆಸೇಜು. ಒಂದು ಕೈಯಲ್ಲಿ ಫೋನು ಕಿವಿಗೆ ಹಿಡಿದು ಗಂಡನಿಗೆ ಮಾಡಿದೆ, ಎತ್ತಲಿಲ್ಲ. ಶಾಲೆಗೆ ಮಾಡಿದೆ. ಮಾತಾಡುತ್ತಲೇ ಇನ್ನೊಂದು ಕೈಯಿಂದ, ಆ ಕೈಯಲ್ಲೇ ಗಾಳದ ಕೋಲೂ ಇತ್ತು, ಗೇಟು ತಳ್ಳಿದೆ. ಅದು ಕಂಬಕ್ಕೆ ಬಡಿಯಿತು. ಸೇತುವೆಯ ಕಡೆ ಓಡಿದೆ.

ಇಪ್ಪತ್ತು ನಿಮಿಷ ಕಾರು ಓಡಿಸಿದ ಮೇಲೆ, ಒಂದು ಪೆಟ್ರೋಲ್ ಬಂಕಿನ ಮುಂದೆ, ಸರಪಳಿ ಹಾಕಲಿಲ್ಲ ಎನ್ನುವುದು ನೆನಪಾಯಿತು. ಅನುಮಾನವಲ್ಲ, ಖಚಿತವಾಗಿ ನೆನಪಾಯಿತು. ಹಿಂದಕ್ಕೆ ಹೋದರೆ ನಲವತ್ತು ನಿಮಿಷ ತಡ. ಮಗಳು ಶಾಲೆಯ ಆಫೀಸಿನಲ್ಲಿ ಕಾಯುತ್ತಿದ್ದಾಳೆ. ರೈತನಿಗೆ ಫೋನು ಮಾಡಬಹುದಿತ್ತು, ನಂಬರು ಇತ್ತು. ಮಾಡಿದರೆ ನಾನೊಬ್ಬಳೇ ಬಂದಿದ್ದೆ ಎಂದು ಹೇಳಬೇಕಾಗುತ್ತಿತ್ತು. ಗಾಳಿ ಇಲ್ಲ, ಏನಾಗಲ್ಲ, ಗ್ರ್ಯಾಂಡ್ ಎಂದುಕೊಂಡು ಮುಂದೆ ಹೋದೆ. ಮಗಳಿಗೆ ಸಂಜೆಯ ಹೊತ್ತಿಗೆಲ್ಲ ವಾಸಿಯಾಗಿ, ಟೋಸ್ಟ್ ಬೇಕು ಎಂದಳು.

ಶನಿವಾರ ಬೆಳಿಗ್ಗೆ ಯಾವಾಗಿನಂತೆ ತಯಾರಾಗಿ ಅವರ ಮನೆಗೆ ಹೋದರೆ ಪೋಸ್ಟ್‌ಮನ್ ಮನೆಯ ಚಪ್ಪಲಿಯಲ್ಲೇ ಮೇಜಿನ ಮುಂದೆ ಕೂತಿದ್ದರು.

“ಇವತ್ತು ಹೋಗೋದಿಲ್ಲ,” ಎಂದರು. “ಬುಧವಾರ ನಾನು ಗೇಟು ಹಾಕದೆ ಬಂದೆನಂತೆ. ಕುರಿಗಳು ರಸ್ತೆಗೆ ಹೋಗಿವೆ. ಒಂದು ಕುರಿಗೆ ಹಾಲಿನ ಟ್ಯಾಂಕರ್ ಹೊಡೆದು ಸತ್ತುಹೋಯ್ತು. ಎರಡು ಮರಿಗಳ ತಾಯಿ.”

ಹತ್ತಿರದ ಕುರ್ಚಿ ಎಳೆದು ಕೂತೆ.

“ರೈತ ಫೋನ್ ಮಾಡಿದಾಗ ಹಾಕಿದ್ದೆ ಅಂತಲೇ ಹೇಳಿದೆ ಮೊದಲು. ಅವನು ಜಗಳ ಮಾಡಲಿಲ್ಲ. ಬುಧವಾರ ನಿಮ್ಮ ಕಾರು ಬಿಟ್ಟರೆ ಇನ್ನಾರ ಕಾರೂ ಬಂದಿಲ್ಲ ಅಂದ. ಆಮೇಲೆ ಕೂತು ಯೋಚನೆ ಮಾಡಿದೆ. ಸರಪಳಿ ಹಾಕಿದ್ದು ನೆನಪು ಮಾಡ್ಕೋತೀನಿ, ಆದರೆ ಅದು ಬುಧವಾರದ್ದೋ, ಅದರ ಹಿಂದಿನದ್ದೋ, ಹತ್ತು ವರ್ಷ ಹಿಂದಿನದ್ದೋ ಗೊತ್ತಾಗ್ತಿಲ್ಲ.”

ಬಾಯಿ ತೆರೆದೆ. ಅಷ್ಟರಲ್ಲಿ ಅವರ ಹೆಂಡತಿ ಟೀ ತಂದಿಟ್ಟರು. ಅವರ ಮುಖ ಅತ್ತು ಊದಿತ್ತು. ಆಗ ನನ್ನ ಬಾಯಿಂದ ಬಂದದ್ದು, “ಯಾರಾದ್ರೂ ಬೆಟ್ಟ ಹತ್ತೋರು ಬಂದಿರಬಹುದು,” ಎಂಬ ಮಾತು.

“ಆ ದಾರೀಲಿ ಯಾರೂ ಬರಲ್ಲ,” ಎಂದರು ಅವರು. “ನಾನೇ.”

ಹೇಳಬೇಕಾದ ಮೊದಲ ಹೊತ್ತು ಅದು. ಅದು ಕಳೆದ ಮೇಲೆ ಪ್ರತಿ ದಿನವೂ ಹೇಳುವುದು ಹಿಂದಿನ ದಿನಕ್ಕಿಂತ ಕಷ್ಟವಾಗುತ್ತ ಹೋಯಿತು. ಅವರು ರೈತನ ಮನೆಗೆ ಹೋಗಿ ಕ್ಷಮೆ ಕೇಳಿ ಬಂದರು. ರೈತ ಒಳ್ಳೆಯ ಮಾತಿನಲ್ಲೇ, “ವಯಸ್ಸಾಯ್ತು, ಇನ್ನು ಒಬ್ಬರೇ ಬರಬೇಡಿ,” ಎಂದಿದ್ದನಂತೆ. ಬೈದಿದ್ದರೆ ಅವರಿಗೆ ಇಷ್ಟು ನೋವಾಗುತ್ತಿರಲಿಲ್ಲ. ಅವರು ಆಮೇಲೆ ಅಲ್ಲಿಗೆ ಹೋಗುವುದನ್ನೇ ಬಿಟ್ಟರು.

ಜೂನ್‌ನಲ್ಲಿ ಅವರ ಒಲೆಯ ಮೇಲೆ ಒಂದು ಚೀಟಿ ಅಂಟಿತು: ಗ್ಯಾಸ್ ಆರಿಸಿದೆಯಾ? ಜುಲೈನಲ್ಲಿ ಮುಂಬಾಗಿಲ ಒಳಗೆ ಇನ್ನೊಂದು: ಬೀಗ, ಕೀಲಿ, ಕನ್ನಡಕ. ಪೋಸ್ಟ್‌ಮನ್ನರ ದುಂಡು ಅಕ್ಷರ. ಬೀದಿಯ ಕೊನೆಯವರೆಗೆ ನಡೆದು ಹೋದವರು ವಾಪಸು ಬಂದು ಬಾಗಿಲು ತಳ್ಳಿ ನೋಡುವುದನ್ನು ನಮ್ಮ ಮಹಡಿಯ ಕಿಟಕಿಯಿಂದ ಎಷ್ಟೋ ಸಲ ಕಂಡೆ. ಕಾರಿನ ಕೀಲಿ ಅವರ ಹೆಂಡತಿಯ ಏಪ್ರನ್ನಿನ ಜೇಬಿಗೆ ಹೋಯಿತು. ಆಕೆ ಕಿತ್ತುಕೊಂಡದ್ದಲ್ಲ, ಅವರೇ ಕೊಟ್ಟದ್ದು. “ರಸ್ತೇಲಿ ಒಂದು ಮಗು ಅಡ್ಡ ಬಂದರೆ?” ಎಂದರಂತೆ.

ಆಗಸ್ಟಿನಲ್ಲಿ ಡಾಕ್ಟರ್ ಮರೆವಿನ ಪರೀಕ್ಷೆಗೆ ದಿನ ಕೊಟ್ಟರು. ಅದಕ್ಕೆ ಮುಂಚೆ ಒಂದು ಭಾನುವಾರ ಪೋಸ್ಟ್‌ಮನ್ನರ ಹೆಂಡತಿ ನನ್ನನ್ನು ಕರೆದು, “ನೀನು ಲ್ಯಾಬಿನವಳು. ನೀನೊಂದು ಸಲ ಕೇಳಿ ನೋಡು. ನಾನು ಕೇಳಿದರೆ ಸಿಟ್ಟಾಗ್ತಾರೆ,” ಎಂದರು. ಕಾಗದದಲ್ಲಿ ಐದು ಪದ ಬರೆದಿದ್ದರು. ಸೇಬು, ಕುದುರೆ, ಗಡಿಯಾರ, ಚಮಚ, ಸೋದರತ್ತೆ. ನಾನು ಓದಿದೆ. ಪೋಸ್ಟ್‌ಮನ್ ತಿರುಗಿ ಹೇಳಿದರು. ಐದು ನಿಮಿಷ ಬೇರೆ ಮಾತಾಡಿ ಮತ್ತೆ ಕೇಳಬೇಕಿತ್ತು. ಹವಾಮಾನದ ಬಗ್ಗೆ ಮಾತಾಡಿದೆವು. ಮತ್ತೆ ಕೇಳಿದಾಗ ನಾಲ್ಕು ಬಂತು. ಐದನೆಯದಕ್ಕೆ ಅವರು ಕಣ್ಣು ಮುಚ್ಚಿ, ಎರಡು ಕೈಯಿಂದ ಮೇಜಿನ ಅಂಚು ಹಿಡಿದು ಕೂತರು.

“ಚಮಚ,” ಎಂದೆ ಮೆಲ್ಲಗೆ.

“ನೋಡಿದೆಯಾ,” ಎಂದರು ಅವರು ಹೆಂಡತಿಗೆ.

ಯಾರಿಗಾದರೂ ಒಂದು ಪದ ಬಿಟ್ಟುಹೋಗುತ್ತದೆ, ನನಗೂ ಹೋಗುತ್ತಿತ್ತು. ಅದನ್ನು ಹೇಳಿದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಕೂತೆ.

ಗಂಡನಿಗೆ ಹೇಳಿದ್ದು ಅವತ್ತು. ಅವನು ಪೂರ್ತಿ ಕೇಳಿಸಿಕೊಂಡ. “ಈಗ ಹೇಳಿದ್ರೆ ಏನ್ ಬಂತು? ಕುರಿ ವಾಪಸ್ ಬರುತ್ತಾ? ಇಷ್ಟು ದಿನ ಯಾಕ್ ಹೇಳ್ಲಿಲ್ಲ ಅಂತ ಕೇಳ್ತಾರೆ. ಪಕ್ಕದ ಮನೆ ಬೇರೆ,” ಎಂದ. “ಪರೀಕ್ಷೆಲಿ ಎಲ್ಲ ಸರಿ ಇದೆ ಅಂತ ಬಂದ್ರೆ ಅವ್ರೇ ಸಮಾಧಾನ ಆಗ್ತಾರೆ,” ಎಂದು ಸೇರಿಸಿದ. ನನಗೆ ಬೇಕಾಗಿದ್ದ ಮಾತು ಅದೇ. ಅದನ್ನು ಹಿಡಿದುಕೊಂಡು ಇನ್ನೂ ಎರಡು ತಿಂಗಳು ಕಳೆದೆ.

ಪರೀಕ್ಷೆಯಲ್ಲಿ ವಯಸ್ಸಿಗೆ ತಕ್ಕಂತೆ ಇದ್ದಾರೆ ಎಂದೇ ಬಂತು. ಅವರು ನಂಬಲಿಲ್ಲ. “ಡಾಕ್ಟರ್ ಹೇಳೋದು ಹೇಳಲಿ. ಗೇಟು ತೆರೆದಿತ್ತಲ್ಲ,” ಎಂದರು.

ಸೆಪ್ಟೆಂಬರ್ ಕೊನೆಯ ದಿನ, ಆ ವರ್ಷದ ಮೀನಿನ ಕಾಲ ಮುಗಿದ ದಿನ, ಗೋಡೆಯ ಮೇಲಿಂದ ಒಂದು ತಗಡಿನ ಡಬ್ಬಿ ಚಾಚಿದರು. ಅದರಲ್ಲಿ ಅವರು ಜೀವಮಾನವಿಡೀ ಕಟ್ಟಿದ ನೊಣಗಳು, ಸಾಲು ಸಾಲಾಗಿ. “ನಾನಿನ್ನು ಹೋಗಲ್ಲ. ನಿನಗೆ ಚೆನ್ನಾಗಿ ಕೈ ಕೂತಿದೆ. ಇಟ್ಕೋ.”

ಬೇಡ ಎನ್ನಲು ಕಾರಣ ಬೇಕಿತ್ತು. ಕಾರಣ ಹೇಳಲಾಗದೆ ತೆಗೆದುಕೊಂಡೆ. ಎರಡು ವಾರ ಅದು ನನ್ನ ಬಟ್ಟೆಯ ಬೀರುವಿನಲ್ಲಿತ್ತು. ಒಂದು ದಿನ ಕಾರ್ಖಾನೆಯಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಹಿಂದಿನ ದಿನ ಮಾಡಿದ ತಪ್ಪೊಂದನ್ನು ಬಂದು ಹೇಳಿದಳು. ನಾನು ಅವಳಿಗೆ ನಿನ್ನೆಯೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಸ್ವಲ್ಪ ಗಡುಸಾಗಿಯೇ. ಕೇಳಿದ ನನ್ನ ಕಿವಿಗೆ ಅವಳ ಉತ್ತರ ಬೀಳಲಿಲ್ಲ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದು, ಡಬ್ಬಿ ತೆಗೆದುಕೊಂಡು ಅವರ ಬಾಗಿಲು ಬಡಿದೆ.

ಇಬ್ಬರೂ ಅಡುಗೆಮನೆಯಲ್ಲಿದ್ದರು. ಪೋಸ್ಟ್‌ಮನ್ ಆಲೂಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳಿದೆ. “ಗೇಟು ನೀವು ಹಾಕಿದ್ರಿ. ಬುಧವಾರ ನಾನು ಹೋಗಿದ್ದೆ, ನೀವು ಬಂದ ಮೇಲೆ, ಒಬ್ಬಳೇ. ಸರಪಳಿ ಹಾಕದೆ ಬಂದದ್ದು ನಾನು.”

ಅವರು ಕೈಯಲ್ಲಿದ್ದ ಆಲೂಗಡ್ಡೆಯ ಸಿಪ್ಪೆಯನ್ನು ಪೂರ್ತಿ ತೆಗೆದು ಪಾತ್ರೆಗೆ ಹಾಕಿದರು. ಚಾಕು ಕೆಳಗಿಟ್ಟರು. ಎದ್ದು ಹಿತ್ತಲಿಗೆ ಹೋಗಿ, ಶೆಡ್ಡಿನ ಬಾಗಿಲು ಹಾಕಿಕೊಂಡರು.

ಅವರ ಹೆಂಡತಿ ಕುರ್ಚಿಯಿಂದ ಏಳಲಿಲ್ಲ. “ನೀನು ಈ ಮೇಜಿನ ಹತ್ತಿರ ಕೂತು ಅವರಿಗೆ ಪದ ಕೇಳಿದೆ,” ಎಂದರು.

“ಹೌದು.”

“ಐದು ತಿಂಗಳಿಂದ ಅವರು ರಾತ್ರಿ ಮೂರು ಸಲ ಎದ್ದು ಒಲೆ ನೋಡ್ತಾರೆ. ನಾನು ಮಲಗಿರೋ ಹಾಗೆ ನಟಿಸ್ತೀನಿ. ನಿನಗೆ ಗೊತ್ತಿತ್ತು.”

ರಾತ್ರಿ ಎದ್ದು ಒಲೆ ನೋಡುವುದು ಗೊತ್ತಿರಲಿಲ್ಲ. ಆದರೆ ಅವರು ಕೇಳಿದ್ದು ಅದನ್ನಲ್ಲ. “ಗೊತ್ತಿತ್ತು,” ಎಂದೆ.

“ಈಗ ಮನೆಗೆ ಹೋಗಮ್ಮ,” ಎಂದರು. ದನಿ ಏರಿಸಲಿಲ್ಲ.

ಒಂಬತ್ತು ದಿನ ಆ ಮನೆಯಿಂದ ಯಾರೂ ಮಾತಾಡಲಿಲ್ಲ. ಹತ್ತನೆಯ ದಿನ ಪೋಸ್ಟ್‌ಮನ್ ನಮ್ಮ ಮುಂಬಾಗಿಲಿಗೆ ಬಂದರು. ಹಿತ್ತಲಿನಿಂದಲ್ಲ, ಬೀದಿಯ ಕಡೆಯಿಂದ, ಕೋಟು ಹಾಕಿಕೊಂಡು. ಒಳಗೆ ಕೂರಲು ಒಪ್ಪಲಿಲ್ಲ.

“ನೀನು ಹೋದಾಗ ಎಷ್ಟು ಗಂಟೆ?”

“ಹನ್ನೆರಡೂ ಮುಕ್ಕಾಲು, ಒಂದಕ್ಕೆ ಕಾಲು ಗಂಟೆ ಕಮ್ಮಿ.”

“ಗೇಟು ಮುಚ್ಚಿತ್ತಾ, ಇಲ್ಲ ಬರೀ ಕಂಬಕ್ಕೆ ಒರಗಿತ್ತಾ?”

“ಮುಚ್ಚಿತ್ತು.”

“ಸರಪಳಿ?”

“ಮೊಳೆಯ ಮೇಲಿತ್ತು. ನಾನೇ ಬಿಚ್ಚಿದೆ.”

“ಯಾವ ಕೈಯಿಂದ?”

“ಎಡಗೈಯಿಂದ. ಬಲಗೈಯಲ್ಲಿ ಕೋಲಿತ್ತು.”

ಅವರು ಕಣ್ಣು ಮುಚ್ಚಿ ಅದನ್ನು ನೋಡುವಂತೆ ನಿಂತರು. “ಹಾಗಾದ್ರೆ ನಾನು ಹಾಕಿದ್ದೆ,” ಎಂದರು. ಮತ್ತೊಂದು ಸಲ, ನನಗಲ್ಲ, ತಮಗೇ, “ಹಾಕಿದ್ದೆ,” ಎಂದರು. ಆಮೇಲೆ ನನ್ನನ್ನು ನೋಡಿದರು. “ನೀನು ಹೋಗಿದ್ದಕ್ಕೆ ನನಗೆ ಸಿಟ್ಟಿಲ್ಲ. ಗೇಟಿಗೂ ಅಷ್ಟಿಲ್ಲ. ನಾನು ಹುಚ್ಚನಾಗ್ತಿದ್ದೀನಿ ಅಂದ್ಕೊಂಡು ಬದುಕೋದನ್ನು ನೀನು ಪಕ್ಕದಲ್ಲಿ ನಿಂತು ನೋಡಿದೆಯಲ್ಲ, ಅದು ನನಗೆ ಅರ್ಥ ಆಗ್ತಿಲ್ಲ.”

ಹೆದರಿಕೆ ಎಂದರೆ ಅದು ತೀರ ಚಿಕ್ಕ ಮಾತು. ಆದರೆ ನಿಜ ಅಷ್ಟೇ ಇತ್ತು.

“ರೈತನಿಗೆ ನೀನೇ ಹೇಳಬೇಕು,” ಎಂದರು.

ಮುಂದಿನ ಶನಿವಾರ ನಾನೇ ಅವರನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ಒಂದೂವರೆ ಗಂಟೆಯಲ್ಲಿ ಅವರು ಆಡಿದ್ದು ಒಂದೇ ಮಾತು, ಒಂದು ತಿರುವಿನಲ್ಲಿ ಟ್ರಾಕ್ಟರ್ ಬಂತು ಎಂದು. ರೈತ ಅಂಗಳದಲ್ಲಿದ್ದ. ನಾನು ಹೇಳಿದ್ದನ್ನು ಕೇಳಿ, ಮೊದಲು ಅವರ ಕಡೆ ತಿರುಗಿ ಟೋಪಿ ತೆಗೆದ. “ನಿಮ್ಮ ಮಾತನ್ನು ಮೊದಲೇ ನಂಬಬೇಕಿತ್ತು,” ಎಂದ. ಆಮೇಲೆ ನನಗೆ, “ಎರಡೂ ಮರಿ ಉಳಿದವು. ನನ್ನ ಹೆಂಡತಿ ಬಾಟಲಿ ಹಾಲು ಕುಡಿಸಿದಳು. ಆದರೆ ನೀನು ಇನ್ನು ಈ ಹೊಲಕ್ಕೆ ಬರಬೇಡ,” ಎಂದ. ಸರಿ ಎಂದೆ. ಅವರಿಬ್ಬರೂ ನದಿಯ ಕಡೆ ನಡೆದು ಹೋದರು. ನಾನು ಕಾರಿನಲ್ಲಿ ಕೂತು ಕಾದೆ.

ಆಮೇಲಿನ ವರ್ಷ ಅವರು ಮತ್ತೆ ಮೀನಿಗೆ ಹೋಗತೊಡಗಿದರು. ಹೆಂಡತಿಯೂ ಜೊತೆಗೆ ಹೋಗಿ, ಕಾರಿನಲ್ಲಿ ಪೇಪರ್ ಓದುತ್ತ ಕೂರುತ್ತಿದ್ದರು. ಕಾರು ಓಡಿಸುವುದು ಆಕೆಯೇ. ಕೀಲಿ ವಾಪಸು ಕೊಟ್ಟರೂ ಅವರು ತೆಗೆದುಕೊಳ್ಳಲಿಲ್ಲ. ಒಲೆಯ ಮೇಲಿನ ಚೀಟಿಯನ್ನೂ ತೆಗೆಯಲಿಲ್ಲ. ಒಮ್ಮೆ ಒಳಗೆ ಬಂದ ಅನುಮಾನ ಕಾರಣ ಹೋದ ಮೇಲೂ ಅಲ್ಲೇ ಮನೆ ಮಾಡಿಕೊಂಡಿತ್ತು. ನನ್ನ ಜೊತೆ ಇಬ್ಬರೂ ಹವಾಮಾನದ ಮಾತಾಡುತ್ತಿದ್ದರು, ಮಗಳ ಓದಿನ ಬಗ್ಗೆ ಕೇಳುತ್ತಿದ್ದರು. ನದಿಯ ಮಾತು ತೆಗೆಯುತ್ತಿರಲಿಲ್ಲ. ನಾನು ಆ ವರ್ಷ ಮೀನಿಗೆ ಹೋಗಲಿಲ್ಲ. ಅದರ ಮರುವರ್ಷ ಊರ ಹತ್ತಿರ ಟಿಕೆಟ್ ಕೊಂಡು ಯಾರು ಬೇಕಾದರೂ ಹೋಗಬಹುದಾದ ಕೆರೆಯೊಂದಕ್ಕೆ ಎರಡು ಸಲ ಹೋಗಿ ಬಂದೆ. ನಿಂತ ನೀರು, ಪಕ್ಕದಲ್ಲೇ ಕಾರು ನಿಲ್ಲಿಸುವ ಜಾಗ. ಕೈ ಮರೆತಿರಲಿಲ್ಲ. ಮನಸ್ಸು ಮಾತ್ರ ಏಳಲಿಲ್ಲ.

ಈ ವರ್ಷದ ಮಾರ್ಚ್‌ನಲ್ಲಿ ಒಂದು ದಿನ ಅವರ ಹೆಂಡತಿ ಗೋಡೆಯ ಹತ್ತಿರ ಬಂದು, “ಈ ಸಲ ನಿಜ,” ಎಂದರು. ಪೇಟೆಯಿಂದ ಮನೆಗೆ ಬರುವ ಬಸ್ಸು ಯಾವುದೆಂದು ಪೋಸ್ಟ್‌ಮನ್ನರಿಗೆ ಹೊಳೆಯದೆ ಸ್ಟಾಪಿನಲ್ಲೇ ಎರಡು ಗಂಟೆ ನಿಂತಿದ್ದರಂತೆ. ಡಾಕ್ಟರೂ ಈ ಬಾರಿ ಹೌದೆಂದಿದ್ದರು. “ನೀನು ಮಾಡಿದ್ದರಿಂದಲ್ಲ,” ಎಂದರು ಆಕೆ, ನನ್ನ ಮುಖ ನೋಡಿ. “ಆದರೆ ಚೆನ್ನಾಗಿದ್ದ ವರ್ಷಗಳಲ್ಲಿ ಒಂದು ವರ್ಷ ಹೋಯ್ತು.” ಅದು ಸರಿಯಾದ ಲೆಕ್ಕ. ಅದಕ್ಕಿಂತ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ.

ಏಪ್ರಿಲ್‌ನಲ್ಲಿ ಅವರು ಹಿತ್ತಲಿನಲ್ಲಿ ಪಾತಿ ಮಾಡುತ್ತಿದ್ದಾಗ ನಾನು ಮಾತಾಡಿಸಿದೆ. ಮಾತಿನ ನಡುವೆ ಗುದ್ದಲಿ ಊರಿ ನಿಂತು, “ನನಗಿದು ಹೇಗೆ ಶುರುವಾಯ್ತು ಗೊತ್ತಾ?” ಎಂದರು. “ಒಂದು ಸಲ ಬೆಟ್ಟದಲ್ಲಿ ಗೇಟು ಹಾಕೋದು ಮರೆತುಬಿಟ್ಟೆ. ಪಾಪ, ಒಂದು ಕುರಿ ಸತ್ತುಹೋಯ್ತು.”

ನಾನು ಹೇಳಿದ್ದು, ಅವರು ನಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು, ರೈತ ಟೋಪಿ ತೆಗೆದದ್ದು, ಎಲ್ಲವೂ ಜಾರಿಹೋಗಿತ್ತು. ನಾನು ಮುಚ್ಚಿಟ್ಟ ಐದು ತಿಂಗಳು ಮಾತ್ರ ಅವರೊಳಗೆ ಗಟ್ಟಿಯಾಗಿ ಕೂತಿತ್ತು.

“ಇಲ್ಲ,” ಎಂದೆ. “ಗೇಟು ನೀವು ಹಾಕಿದ್ರಿ. ಹಾಕದೆ ಬಂದದ್ದು ನಾನು.”

ಅವರು ಹೊಸದಾಗಿ ಕೇಳಿದವರಂತೆ ನೋಡಿದರು, ಅವರ ಪಾಲಿಗೆ ಅದು ಹೊಸದೇ. ಎಷ್ಟು ಗಂಟೆಗೆ ಹೋಗಿದ್ದೆ ಎಂದು ಕೇಳಿದರು. ಮೊದಲಿಂದ ಹೇಳಿದೆ. ಅವರ ಹೆಂಡತಿ ಹಿಂಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಅವರು ಒಳಗೆ ಹೋದ ಮೇಲೆ ಆಕೆ, “ಇನ್ನೂ ಕೇಳ್ತಾರೆ,” ಎಂದರು.

“ಕೇಳಿದಾಗೆಲ್ಲ ಹೇಳ್ತೀನಿ,” ಎಂದೆ.

ಏಪ್ರಿಲ್‌ನಿಂದ ಇದುವರೆಗೆ ನಾಲ್ಕು ಸಲ ಹೇಳಿದ್ದೇನೆ. ಹೇಳಿ ಹೇಳಿ ಸಲೀಸಾಗಬಹುದು ಅಂದುಕೊಂಡಿದ್ದೆ, ಆಗಿಲ್ಲ. ಎರಡನೆಯ ಸಲ ಅವರು ಸಿಟ್ಟಾಗಿ ಗುದ್ದಲಿ ಎಸೆದು ಹೋದರು. ಮೂರನೆಯ ಸಲ ನಿನ್ನ ಮಗಳಿಗೆ ಆಗ ಹುಷಾರಾಯಿತಾ ಎಂದು ಕೇಳಿದರು. ಕಳೆದ ವಾರ ಕೈಯಲ್ಲಿದ್ದ ಈರುಳ್ಳಿ ಸಸಿಗಳಲ್ಲಿ ಅರ್ಧದಷ್ಟನ್ನು ನನ್ನ ಕಡೆ ಚಾಚಿ, ಮಳೆ ಬರುವ ಮೊದಲು ನೆಟ್ಟುಬಿಡು ಎಂದರು. ಗೋಡೆಯ ಈಚೆ ಒಂದು ಸಾಲು ಅಗೆದು ನೆಟ್ಟೆ.